ಹಂಡೆಯಲ್ಲಿ ಕುದಿದ ಕಡಲ ಕಲ್ಲು

ಆ ಬುಧವಾರ ಬೆಳಿಗ್ಗೆ ಖತೀಜಮ್ಮನವರಿಗೆ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಹೇಳಿದ್ದು ಒಂದೇ ವಾಕ್ಯ. ಅದನ್ನು ಈವರೆಗೆ ಮೂರು ರೀತಿಯಲ್ಲಿ ನೆನಪಿಸಿಕೊಂಡಿದ್ದೇನೆ. ಮೂರೂ ಸಲ ಕೇಳಿಸಿದ್ದು ನನ್ನದೇ ದನಿ, ಮೂರೂ ಸಲ ಅದು ನಿಜವೆನಿಸಿತು. ಒಬ್ಬನೇ ನೋಡಿ ಒಬ್ಬನೇ ಹೇಳಿದ್ದನ್ನು ದಾಖಲೆ ಎಂದು ಬರೆಯಬೇಡಿ ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದರು. ಹಾಗಾಗಿ ಈ ಬರಹದಲ್ಲಿ ನನ್ನ ನೆನಪಿನಿಂದ ಬಂದದ್ದನ್ನೆಲ್ಲ ಓದುಗರು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಅದು ೨೦೨೨ರ ಮಳೆಗಾಲ. ನಾನು ಆಲೂರಿನಲ್ಲಿ ಮನೆ ಮಾಡಿಕೊಂಡು, ಹಾಸನದಿಂದ ವನಗೂರಿನವರೆಗೆ ಮನೆ, ಹೋಂಸ್ಟೇ, ಕ್ಲಿನಿಕ್‌ಗಳಲ್ಲಿದ್ದ ಅಕ್ವೇರಿಯಂಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೆ. ಓದಿದ್ದು ಕಡಲ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಅದಕ್ಕೆ ಮುಂಚೆ ಸಿಗಡಿ ಮರಿ ಮಾಡುವ ಹ್ಯಾಚರಿ, ನೀರು ಪರೀಕ್ಷೆಯ ಲ್ಯಾಬ್, ಒಂದು ಖಾಸಗಿ ಕಾಲೇಜು ಎಂದು ಅಲೆದವನು. ಮೂರು ವರ್ಷಕ್ಕಿಂತ ಹೆಚ್ಚು ಎಲ್ಲೂ ನಿಂತವನಲ್ಲ. ನನ್ನ ಕೈಯಲ್ಲಿದ್ದ ಮೂವತ್ತೊಂದು ತೊಟ್ಟಿಗಳಲ್ಲಿ ಉಪ್ಪುನೀರಿನವು ನಾಲ್ಕೇ. ಅದರಲ್ಲೊಂದು ಸಕಲೇಶಪುರದ ಇಕ್ಬಾಲ್ ಅವರ ಮನೆಯ ನಡುಮನೆಯಲ್ಲಿತ್ತು.

ಇಕ್ಬಾಲ್ ಅವರದು ಎರಡು ಲಾರಿ. ಬೆಟ್ಟದಿಂದ ಕಾಫಿ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದವು. ಅವರ ತಾಯಿ ಖತೀಜಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದವರು; ಹದಿನೇಳಕ್ಕೆ ಮದುವೆಯಾಗಿ ಘಾಟಿ ಹತ್ತಿ ಬಂದವರು ಎಪ್ಪತ್ತು ದಾಟಿದರೂ ಕಡಲನ್ನು ಮರೆತಿರಲಿಲ್ಲ. ಮಂಡಿ ನೋವಿನಿಂದ ತವರಿಗೆ ಹೋಗುವುದು ನಿಂತ ಮೇಲೆ, ಮಗ ತೊಟ್ಟಿ ಮಾಡಿಸಿಕೊಟ್ಟರು. ನಾಲ್ಕು ಅಡಿ ಉದ್ದ, ಸುಮಾರು ಮುನ್ನೂರು ಲೀಟರ್. ಎರಡು ಕ್ಲೌನ್ ಮೀನು, ಒಂದು ಹಳದಿ ಮೀನು, ಸಣ್ಣ ಜೀವಿಗಳು ಅಂಟಿಕೊಂಡು ಬೆಳೆಯುವ ಇಪ್ಪತ್ತರಷ್ಟು ಕಡಲ ಕಲ್ಲು. ಮಿಕ್ಕವರ ಮನೆಗಳಲ್ಲಿ ನಾವು ಪ್ಯಾಕೆಟ್ ಉಪ್ಪನ್ನು ಶುದ್ಧ ನೀರಿನಲ್ಲಿ ಕರಗಿಸಿ ಕಡಲನ್ನು ತಯಾರಿಸುತ್ತೇವೆ. ಇಲ್ಲಿ ಹಾಗಲ್ಲ. ಹದಿನೈದು ದಿನಕ್ಕೊಮ್ಮೆ ವಾಪಸು ಬರುವ ಲಾರಿಯಲ್ಲಿ, ಖತೀಜಮ್ಮನ ತವರೂರಿನ ದಡದಿಂದಲೇ ಎರಡು ಕ್ಯಾನ್ ನೀರು ಬರುತ್ತಿತ್ತು. ಕ್ಯಾನ್ ತೆಗೆದ ಕೂಡಲೇ ಅವರು ಬೆರಳದ್ದಿ ನಾಲಿಗೆಗಿಟ್ಟು, "ಹ್ಞೂಂ, ನಮ್ಮೂರಿದ್ದೇ" ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ನಾನು ಸುರಿಯಬೇಕು. ವಿಜ್ಞಾನದ ಲೆಕ್ಕದಲ್ಲಿ ಇದು ಒಳ್ಳೆಯ ಪದ್ಧತಿಯಲ್ಲ. ದಡದ ನೀರಿನಲ್ಲಿ ಹೊಳೆಯ ಕೊಳೆಯೂ ಇರುತ್ತದೆ. ಹೇಳಿ ನೋಡಿದ್ದೆ. "ಮಾಸ್ಟ್ರೇ, ಪ್ಯಾಕೆಟ್ ಸಮುದ್ರ ನಿಮ್ಮ ಮನೆಯಲ್ಲಿಟ್ಕೊಳ್ಳಿ" ಎಂದಿದ್ದರು. ಕಾಲೇಜಿನಲ್ಲಿ ಪಾಠ ಮಾಡಿದ್ದೆ ಎಂದು ಗೊತ್ತಾದ ದಿನದಿಂದ ನಾನು ಅವರಿಗೆ ಮಾಸ್ಟ್ರು.

ಆ ವರ್ಷ ಮಾರನಹಳ್ಳಿ ಕಡೆ ಗುಡ್ಡ ಜರಿದು ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದರು. ಲಾರಿ ನಿಂತಿತು, ಕಡಲ ನೀರೂ ನಿಂತಿತು. ತೊಟ್ಟಿಯ ನೀರು ದಿನವೂ ಒಂದಿಷ್ಟು ಆವಿಯಾಗುತ್ತದೆ. ಆ ಕೊರತೆಯನ್ನು ಇಕ್ಬಾಲ್ ಹಿತ್ತಲ ಬಾವಿಯಿಂದ ತುಂಬಿಸುತ್ತ ಹೋದರು. ಮಳೆಗಾಲದ ಬಾವಿ. ಮೇಲಿನ ತೋಟಕ್ಕೆ ಹಾಕಿದ ಗೊಬ್ಬರ ತೊಳೆದು ಇಳಿಯುವುದು ಅದಕ್ಕೇ. ನಾನು ನೋಡುವ ಹೊತ್ತಿಗೆ ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಏರಿದ್ದವು. ಇವೆರಡು ಗಿಡಕ್ಕೆ ಹೇಗೆ ಗೊಬ್ಬರವೋ ಪಾಚಿಗೂ ಹಾಗೆಯೇ. ಕಲ್ಲುಗಳ ಮೇಲೆ ಗೇಣುದ್ದದ ಹಸಿರು ಕೂದಲು ಬೆಳೆದು ಅಲೆಯಾಡುತ್ತಿತ್ತು.

"ಗಡ್ಡ ಬಿಟ್ಟಂಗೆ ಐತಲ್ಲ ಸಾರ್" ಎಂದರು ಇಕ್ಬಾಲ್. "ನನ್ನದಕ್ಕಿಂತ ಚೆನ್ನಾಗಿ ಬೆಳೆದೈತೆ ನೋಡಿ."

"ನೀ ಕಲ್ಲಿನ ಗಡ್ಡ ನೋಡು, ನಿಂತ ಲಾರಿ ನೋಡಬೇಡ" ಎಂದು ತಾಯಿ ಒಳಗಿನಿಂದಲೇ ಕುಟುಕಿದರು. ಆಮೇಲೆ ನಡುಮನೆಗೆ ಬಂದು ನನ್ನ ಕಡೆ ತಿರುಗಿ, "ಮಾಸ್ಟ್ರೇ, ನೀವು ಎಮ್ಮೆಸ್ಸಿ ಮಾಡಿದ್ದು ಪಾಚಿ ತಿಕ್ಕಲಿಕ್ಕಾ?"

ಪಾಚಿ ತಿಕ್ಕಲಿಕ್ಕೇ ಎಂದೆ. ಮೂವರೂ ನಕ್ಕೆವು. ಹಸಿರು ಕೂದಲು ಪಾಚಿ ನೋಡಲು ಅಸಹ್ಯ, ಆದರೆ ಅಪಾಯದ್ದಲ್ಲ. ಕೈಯಲ್ಲಿ ಕಿತ್ತು, ದೀಪದ ಹೊತ್ತು ಅರ್ಧಕ್ಕಿಳಿಸಿ, ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿಸಿ, ಬಾವಿ ನೀರು ನಿಲ್ಲಿಸಿ, ಪ್ಯಾಕೆಟ್ ಉಪ್ಪಿನ ನೀರು ಕೊಟ್ಟೆ. ಖತೀಜಮ್ಮ ಬೆರಳದ್ದಿ ನೋಡಿ ಮುಖ ಸಿಂಡರಿಸಿ ಎದ್ದು ಹೋದರು.

ಮೂರು ವಾರದಲ್ಲಿ ಹಸಿರು ಹೋಯಿತು. ನನ್ನ ಕೆಲಸದ ಪುಸ್ತಕದಲ್ಲಿ "ಸುಧಾರಣೆ" ಎಂದು ಬರೆದೆ. ಅದರ ಮುಂದಿನ ವಾರ ಹೋದಾಗ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಹಾಸಿತ್ತು. ಅದರ ಎಳೆಗಳ ತುದಿಯಲ್ಲಿ ಸಣ್ಣ ಗಾಳಿಗುಳ್ಳೆಗಳು. ಪಾಚಿ ತಿನ್ನಲೆಂದು ಬಿಟ್ಟಿದ್ದ ಹನ್ನೆರಡು ಬಸವನಹುಳುಗಳಲ್ಲಿ ಒಂಬತ್ತು ಮರಳಿನ ಮೇಲೆ ಸತ್ತು ಬಿದ್ದಿದ್ದವು. ಕೈಯಿಂದ ಲೋಳೆ ಎಳೆದು ತೆಗೆದರೆ ಬೆಳಿಗ್ಗೆ ತೆಗೆದದ್ದು ಸಂಜೆಗೆ ವಾಪಸು. ಹಳದಿ ಮೀನು ಮೂಲೆಯಲ್ಲಿ ನಿಂತು ಕಿವಿರು ಬಡಿಯುತ್ತಿತ್ತು.

ಒಂದು ಹನಿ ತಂದು ಮನೆಯಲ್ಲಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಕಣ್ಣೀರ ಹನಿಯ ಆಕಾರದ ಕೋಶಗಳು. ಮೊನಚು ತುದಿಯನ್ನು ಒಂದು ಕಡೆ ಊರಿಕೊಂಡು ಉಳಿದ ಮೈಯನ್ನು ಗಿರಗಿರ ತಿರುಗಿಸುತ್ತಿದ್ದವು. ಇವು ಡೈನೋಫ್ಲ್ಯಾಜೆಲೇಟ್‌ಗಳು. ಪಾಚಿ ಎಂದು ಕರೆಯುವುದು ಸಡಿಲ ಮಾತು. ಇವು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲದ ಒಂದೇ ಕೋಶದ ಜೀವಿಗಳು. ಹೀಗೆ ತಿರುಗುವ ಜಾತಿಯಲ್ಲಿ ಕೆಲವು ವಿಷ ಉಂಟುಮಾಡುತ್ತವೆ. ಗೊಬ್ಬರ ಹೆಚ್ಚಾದಾಗ ಹಸಿರು ಬರುತ್ತದೆ. ಅದನ್ನು ತೀರಾ ಬಿಗಿಯಾಗಿ ಕಡಿಮೆ ಮಾಡಿದಾಗ ಪೈಪೋಟಿ ಇಲ್ಲದೆ ಇವು ಬರಬಹುದು. ಹಾಗಾದರೆ ಇವನ್ನು ಕರೆದವನು ನಾನೇ ಇರಬಹುದು. ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ.

ಇನ್ನೊಂದು ವಿಷಯ. ಬೆಂಗಳೂರಿನ ಯಾವುದೋ ಅಂಗಡಿಯಿಂದ ಬಂದ ಆ ಕಲ್ಲುಗಳಲ್ಲಿ ಆರರ ಮೇಲೆ ಕೋಟಿನ ಗುಂಡಿಯಂತಹ ಕಂದು ಜೀವಿಗಳು ಒತ್ತಾಗಿ ಅಂಟಿಕೊಂಡಿದ್ದವು. ಹವ್ಯಾಸಿಗಳು ಬಟನ್ ಎನ್ನುತ್ತಾರೆ. ಸೀ ಅನಿಮೋನ್ ಎಂಬ ಕಡಲ ಹೂವಿನ ಹತ್ತಿರದ ಬಳಗ. ಇವುಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಕುದಿಸಿದರೂ ಸುಲಭಕ್ಕೆ ಸಾಯದ ವಿಷ. ಹಬೆಯ ಜೊತೆ ಎದ್ದು ಶ್ವಾಸಕೋಶ ಸೇರುತ್ತದೆ. ತಿರುಗುವ ಆ ಕಂದು ಕೋಶಗಳು ಮಾಡುವ ವಿಷವೂ ಇದೇ ಕುಟುಂಬದ್ದು. ಯಾವ ಜಾತಿ ವಿಷದ್ದು, ಯಾವುದು ಅಲ್ಲ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಆ ಬುಧವಾರ ಅತಿ ಹೆಚ್ಚು ಲೋಳೆ ಹಿಡಿದಿದ್ದ ಅವೇ ಆರು ಕಲ್ಲುಗಳನ್ನು ಹೊರತೆಗೆದೆ. ತೊಟ್ಟಿಯ ನೀರು ತುಂಬಿದ ಪ್ಲಾಸ್ಟಿಕ್ ಬೇಸನ್ನಿಗೆ ಹಾಕಿ ಹಿತ್ತಲ ಬಚ್ಚಲಿನ ಪಕ್ಕ ಇಟ್ಟೆವು. ಖತೀಜಮ್ಮ ಬೇಸನ್ ಹಿಡಿದು ಸಹಾಯ ಮಾಡಿದರು. ಶುಕ್ರವಾರ ಕಪ್ಪು ಡ್ರಮ್ ತಂದು, ಲೋಳೆ ಸಾಯಲೆಂದು ಕಲ್ಲುಗಳನ್ನು ತಿಂಗಳುಗಟ್ಟಲೆ ಕತ್ತಲಲ್ಲಿಡುವುದು ನನ್ನ ಯೋಜನೆ. ಅವತ್ತೇ ಡ್ರಮ್ ತರಬಹುದಿತ್ತು. ವನಗೂರಿನ ಒಂದು ಹೋಂಸ್ಟೇಯಲ್ಲಿ ಹನ್ನೊಂದಕ್ಕೆ ಬರುತ್ತೇನೆಂದು ಹೇಳಿದ್ದೆ, ಅವಸರದಲ್ಲಿದ್ದೆ.

ಕಾರಿನ ಬಾಗಿಲು ತೆಗೆದಾಗ ಖತೀಜಮ್ಮ ಹಿಂದಿನಿಂದ, "ಇದನ್ನು ಎಂತ ಮಾಡುದು ಮಾಸ್ಟ್ರೇ? ಸತ್ತುಹೋಗ್ತದಾ ಹೀಗೇ ಇಟ್ರೆ?" ಎಂದು ಕೇಳಿದರು. ನಾನು ಉತ್ತರ ಕೊಟ್ಟೆ. ಆ ಉತ್ತರವೇ ನನಗೆ ಗೊತ್ತಿಲ್ಲದ ವಾಕ್ಯ. ಒಂದು ನೆನಪಿನಲ್ಲಿ, "ಮುಟ್ಟಬೇಡಿ, ಶುಕ್ರವಾರ ನಾನೇ ಬರ್ತೀನಿ." ಇನ್ನೊಂದರಲ್ಲಿ, "ಅಷ್ಟು ಸುಲಭಕ್ಕೆ ಸಾಯಲ್ಲಮ್ಮ, ಕುದಿಸಬೇಕಷ್ಟೆ" ಎಂಬ ಬೇಸರದ ತಮಾಷೆ. ಮೂರನೆಯದರಲ್ಲಿ ಕುದಿಸಬಾರದು ಎಂದೇ ಎಚ್ಚರಿಸಿದ್ದೇನೆ. ಮೂರನೆಯದನ್ನು ನಾನು ಅತಿ ಕಡಿಮೆ ನಂಬುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ತಡವಾಗಿ ಬಂದ ನೆನಪು.

ಗುರುವಾರ ಮಧ್ಯಾಹ್ನ ಎರಡರ ಹೊತ್ತಿಗೆ ಆಲೂರಿನಲ್ಲಿದ್ದಾಗ ಇಕ್ಬಾಲ್ ಫೋನ್ ಬಂತು. ಮಾತಿನ ನಡುವೆ ಕೆಮ್ಮು.

"ಸಾರ್, ಉಮ್ಮಂಗೆ ಉಸಿರು ಹಿಡ್ಕೊಂಡ್ಬುಟ್ಟೈತೆ. ಮೈ ನಡುಗ್ತಾ ಐತೆ. ಆಸ್ಪತ್ರೆಗೆ ಹೊರಟಿದ್ದೀನಿ. ನೀವು ಆ ಬೇಸನ್ನಿಗೆ ಏನಾದ್ರೂ ಔಷಧಿ ಹಾಕಿದ್ರಾ?"

"ಇಲ್ಲ. ಯಾಕೆ?"

"ಬೆಳಿಗ್ಗೆ ಉಮ್ಮ ಕಲ್ಲು ಕುದಿಸಿದ್ರು. ಹಂಡೆಲಿ."

ಆ ಮನೆಯ ಬಚ್ಚಲು ನನಗೆ ಗೊತ್ತು. ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ, ಒಂದೇ ಸಣ್ಣ ಕಿಟಕಿ. ಮಳೆಯ ಇರಚಲಿಗೆ ಅದನ್ನೂ ಮುಚ್ಚಿರುತ್ತಾರೆ. ಖತೀಜಮ್ಮ ಮಾಡಿದ್ದು ಅವರ ತವರಿನಲ್ಲಿ ಎಲ್ಲರೂ ಮಾಡುವ ಕೆಲಸ. ಬಂಡೆಯಿಂದ ಕಿತ್ತು ತಂದ ಚಿಪ್ಪುಮೀನನ್ನು ಕುದಿಯುವ ನೀರಿಗೆ ಹಾಕಿ, ಬಾಯಿ ಬಿಟ್ಟಾಗ ಹಬೆಯಲ್ಲೇ ಕೂತು ಚಾಕುವಿನಿಂದ ಕೆರೆಯುತ್ತಾರೆ. ಕಡಲಿನದು ಯಾವುದೇ ಆಗಲಿ, ಶುಚಿ ಮಾಡುವ ದಾರಿ ಅವರಿಗೆ ಅದೊಂದೇ. ಕಲ್ಲುಗಳನ್ನು ಹಂಡೆಗೆ ಹಾಕಿ ಕುದಿಸಿ, ಒಂದೊಂದಾಗಿ ತೆಗೆದು, ಮಣೆಯ ಮೇಲೆ ಕೂತು ಮುಕ್ಕಾಲು ಗಂಟೆ ಬಟನ್‌ಗಳನ್ನು ಕೆರೆದಿದ್ದರು. ಇಕ್ಬಾಲ್ ಎರಡು ಸಲ ಒಳಗೆ ಹೋಗಿ ಸೌದೆ ಒಟ್ಟಿ ಬಂದಿದ್ದರು.

ಬಚ್ಚಲಿನ ಬಾಗಿಲು ತೆರೆದಿಟ್ಟು, ಬೆಂಕಿಯನ್ನೂ ಮುಟ್ಟದೆ ಎಲ್ಲರೂ ಹೊರಗಿರಿ ಎಂದು ಫೋನಿನಲ್ಲೇ ಹೇಳಿ ಕಾರು ಹತ್ತಿದೆ.

ಸಕಲೇಶಪುರದ ಆಸ್ಪತ್ರೆಯಲ್ಲಿ ಖತೀಜಮ್ಮನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ಕಣ್ಣು ಕೆಂಪಗಿತ್ತು, ಎದೆಗೂಡು ಮೇಲೆ ಕೆಳಗೆ ಆಡುತ್ತಿತ್ತು. ಡ್ಯೂಟಿಯಲ್ಲಿದ್ದ ಯುವ ವೈದ್ಯೆ ಎಲ್ಲವನ್ನೂ ಕ್ರಮವಾಗಿ ಕೇಳಿಕೊಂಡಿದ್ದರು. ಮುಚ್ಚಿದ ಬಚ್ಚಲು, ಹಸಿ ಸೌದೆ, ಹೊಗೆ. "ಈ ಕಡೆ ಮಳೆಗಾಲದಲ್ಲಿ ಇದು ನಡೆಯುತ್ತಿರುತ್ತದೆ. ಹೊಗೆ ಕುಡಿದಿದ್ದಾರೆ. ಇವತ್ತು ಇಲ್ಲೇ ಇಟ್ಟುಕೊಂಡು ನೋಡೋಣ" ಎಂದರು.

ಅದು ಸಮಂಜಸವಾದ ಊಹೆ. ನನಗೆ ಅನುಕೂಲವಾದ ಊಹೆಯೂ ಹೌದು. ಹೊಗೆಯಾದರೆ ನನ್ನ ಕಲ್ಲು, ನನ್ನ ಮಾತು, ನನ್ನ ಶುಕ್ರವಾರ ಯಾವುದೂ ಲೆಕ್ಕಕ್ಕಿಲ್ಲ. ನಾನು ಸುಮ್ಮನೆ ನಿಂತೆ. ಎಷ್ಟು ಹೊತ್ತು ಎಂದು ಹೇಳಲಾರೆ. ನನ್ನ ನೆನಪು ಎರಡು ನಿಮಿಷ ಎನ್ನುತ್ತದೆ, ಇಕ್ಬಾಲ್ ಒಮ್ಮೆ "ನೀವು ಬಂದು ಒಂದು ಟೀ ಕುಡಿಯೋವಷ್ಟು ಹೊತ್ತು ಮಾತೇ ಆಡ್ಲಿಲ್ಲ ಸಾರ್" ಎಂದಿದ್ದಾರೆ.

ನನ್ನ ಬಾಯಿ ತೆರೆಸಿದ್ದೂ ಇಕ್ಬಾಲ್ ಅವರೇ. ಬೆಂಚಿನ ಮೇಲೆ ಕೆಮ್ಮುತ್ತ ಕೂತಿದ್ದವರು ಉಗುಳಿ ಬಂದು, "ಬಾಯೆಲ್ಲ ಕಬ್ಬಿಣ ನೆಕ್ಕಿದಂಗೆ ಐತೆ ಮಾರಾಯ್ರೆ, ನೀರು ಕುಡಿದ್ರೂ ಹೋಗ್ತಿಲ್ಲ" ಎಂದರು. ಪ್ಯಾಲಿಟಾಕ್ಸಿನ್ ಉಸಿರಾಡಿದವರು ಹೇಳುವ ರುಚಿ ಅದು. ಹೊಗೆಗೆ ಆ ರುಚಿ ಇರುವುದನ್ನು ನಾನು ಕೇಳಿಲ್ಲ.

ವೈದ್ಯೆಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮೀನಿನ ತೊಟ್ಟಿಯ ಪಾಚಿ ಕುದಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ ಅಂತೀರಾ?"

"ಪಾಚಿಯದೋ, ಅದರ ಜೊತೆಗಿದ್ದ ಬಟನ್‌ನದೋ ಗೊತ್ತಿಲ್ಲ. ವಿಷ ಒಂದೇ ಬಗೆಯದು."

"ಪ್ರತಿವಿಷ?"

"ಇಲ್ಲ. ಹೊಗೆಯ ರೋಗಿ ಸಂಜೆಗೆ ಸುಧಾರಿಸಬಹುದು. ಇವರ ಸ್ಥಿತಿ ಸಂಜೆಗೆ ಕೆಡಬಹುದು ಮೇಡಂ. ಉಸಿರಾಟದ ಯಂತ್ರ ಇರುವ ಕಡೆ ಇರಬೇಕು."

ಅವರು ತಮ್ಮ ಫೋನಿನಲ್ಲಿ ಹೆಸರು ಹುಡುಕಿ ಎರಡು ಪುಟ ಓದಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ನೆನ್ನೆ ಕಲ್ಲು ತೆಗೆದದ್ದು ನೀವು. ನಿಮಗೇನೂ ಆಗಿಲ್ಲವಲ್ಲ?"

"ಇಲ್ಲ. ನಾನೂ ಬರಿಗೈಯಲ್ಲೇ ತೆಗೆದೆ."

ವಾಕ್ಯ ತಡವರಿಸದೆ ಬಂತು. ಚರ್ಮದಿಂದ ಹೆಚ್ಚು ಹೋಗಿರಲಾರದು, ಹಬೆಯಿಂದಲೇ ಹೋಗಿದೆ ಎಂದು ವೈದ್ಯೆ ಅದರಿಂದ ತೀರ್ಮಾನಿಸಿದರು. ಆ ತೀರ್ಮಾನ ಹೇಗೂ ಸರಿಯೇ ಇತ್ತು. ಅರ್ಧ ಗಂಟೆಯೊಳಗೆ ಅಂಬುಲೆನ್ಸ್ ತರಿಸಿದರು. ಸ್ಟ್ರೆಚರ್ ಎತ್ತುವಾಗ ಖತೀಜಮ್ಮ ಮಾಸ್ಕ್ ಸರಿಸಿ ನನ್ನನ್ನು ಕಂಡು, "ಕಲ್ಲು ಕ್ಲೀನಾಯ್ತು ಮಾಸ್ಟ್ರೇ" ಎಂದರು. ದೂರಿನ ದನಿಯಲ್ಲ. ಕೆಲಸ ಮುಗಿಸಿದವರ ದನಿ.

ಅವರನ್ನು ಹಾಸನಕ್ಕೆ ಕಳಿಸಿ ನಾನು ಮನೆಯ ಹಿತ್ತಲಿಗೆ ಹೋದೆ. ಬೆಳಕು ಇನ್ನೂ ಚೆನ್ನಾಗಿತ್ತು. ಬಚ್ಚಲಿನಿಂದ ನೀರು ಹರಿಯುವ ಗುಂಡಿಯ ಪಕ್ಕ ಮನೆಯ ಬೆಕ್ಕು ಕಾಲು ಚಾಚಿ ಸತ್ತು ಬಿದ್ದಿತ್ತು. ಒಳಗೆ ಮಣೆ, ಚಾಕು, ಒಂದರ ಮೇಲೊಂದು ಜೋಡಿಸಿಟ್ಟ ಆರು ಬಿಳಿ ಕಲ್ಲು. ಅಷ್ಟು ಶುಭ್ರವಾದ ಕಲ್ಲುಗಳನ್ನು ನನ್ನ ವೃತ್ತಿಯಲ್ಲಿ ಯಾವತ್ತೂ ಯಾರಿಗೂ ಮಾಡಿಕೊಟ್ಟಿರಲಿಲ್ಲ. ಹೊಸ್ತಿಲು ದಾಟಲಿಲ್ಲ. ಎರಡು ದಿನ ಗಾಳಿಯಾಡಲು ಬಿಟ್ಟು, ಮಾಸ್ಕ್ ಕಟ್ಟಿಕೊಂಡು ಬ್ಲೀಚ್ ನೀರು ಸುರಿದು ತೊಳೆದೆ.

ಖತೀಜಮ್ಮನ ಸ್ಥಿತಿ ಅವತ್ತು ಸಂಜೆಗೇ ಕೆಟ್ಟಿತು. ಎರಡು ದಿನ ಯಂತ್ರದ ಉಸಿರು, ಒಟ್ಟು ಒಂಬತ್ತು ದಿನ ಆಸ್ಪತ್ರೆ. ವಿಷ ಯಾವುದೆಂದು ಪರೀಕ್ಷಿಸುವ ಸೌಲಭ್ಯ ಅಲ್ಲಿರಲಿಲ್ಲ. ಡಿಸ್ಚಾರ್ಜ್ ಹಾಳೆಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ. ಅದನ್ನು ಅಳಿಸಲು ನನಗೂ ಆಧಾರವಿಲ್ಲ. ಇಕ್ಬಾಲ್ ಮೂರು ದಿನದಲ್ಲಿ ಸರಿಹೋದರು. ಅವರ ತಾಯಿ ಬದುಕಿದರು, ಆದರೆ ಮನೆಯ ಮುಂದಿನ ಹನ್ನೊಂದು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುವುದು ಅಲ್ಲಿಗೆ ಮುಗಿಯಿತು.

ತಿಂಗಳ ನಂತರ ತೊಟ್ಟಿ ಖಾಲಿ ಮಾಡಲು ಹೋದೆ. ಮೀನುಗಳನ್ನು ಬೇರೊಬ್ಬರ ಮನೆಗೆ ಸಾಗಿಸುವುದೆಂದಾಗಿತ್ತು. ಖತೀಜಮ್ಮ ದಿಂಬಿಗೊರಗಿ ನೋಡುತ್ತಿದ್ದರು.

"ನೀವೇ ಹೇಳಿದ್ದಲ್ವಾ ಮಾಸ್ಟ್ರೇ, ಕುದಿಸಿದ್ರೆ ಸಾಯ್ತದೆ ಅಂತ."

"ಉಮ್ಮಾ, ಸುಮ್ನಿರಿ. ಸಾರ್ ಹಂಗೆ ಹೇಳ್ಲಿಲ್ಲ" ಎಂದರು ಇಕ್ಬಾಲ್.

"ನೀ ಅಲ್ಲಿದ್ಯಾ? ನೀ ಫೋನಲ್ಲಿದ್ದೆ."

ಇಬ್ಬರೂ ನನ್ನ ಕಡೆ ನೋಡಿದರು. ನೆನಪಿಲ್ಲ ಎಂದು ಹೇಳಬಹುದಿತ್ತು; ಅದು ನಿಜವಾಗಿರುತ್ತಿತ್ತು. ನಾನು ಹೇಳಿದ್ದು ಇಷ್ಟು: "ಇಷ್ಟು ಅಪಾಯ ಅಂತ ನನಗೆ ಅವತ್ತು ಹೊಳೆದಿದ್ದರೆ ನಾನೇ ಬರಿಗೈಯಲ್ಲಿ ಮುಟ್ಟುತ್ತಿದ್ದೆನಾಮ್ಮ?"

ಖತೀಜಮ್ಮ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಹೌದಲ್ಲ. ಪಾಪ, ನೀವೂ ಮುಟ್ಟಿದ್ರಿ" ಎಂದು ಒಪ್ಪಿದರು. ಅಲ್ಲಿಗೆ ಆ ಪ್ರಶ್ನೆ ಆ ಮನೆಯಲ್ಲಿ ಮುಗಿಯಿತು. ಹೊರಟಾಗ ಮಗನ ಕೈಯಲ್ಲಿ ಒಂದು ಪೊಟ್ಟಣ ಕಾಫಿಪುಡಿ ಕೊಡಿಸಿದರು.

ಉಪ್ಪುನೀರಿನ ತೊಟ್ಟಿಗಳ ಕೆಲಸವನ್ನು ನಾನು ಬಿಟ್ಟಿಲ್ಲ. ಈಗ ಪ್ರತಿ ಮನೆಯಲ್ಲೂ ತೊಟ್ಟಿಯ ಪಕ್ಕ ಕನ್ನಡದಲ್ಲಿ ಬರೆದ ಹಾಳೆ ಅಂಟಿಸುತ್ತೇನೆ: ಕಲ್ಲು ಕುದಿಸಬಾರದು, ಬಿಸಿನೀರು ಸುರಿಯಬಾರದು, ಒಣಗಿಸಿ ಉಜ್ಜಬಾರದು, ಬರಿಗೈಯಲ್ಲಿ ಮುಟ್ಟಬಾರದು. ಮನೆಯವರಲ್ಲಿ ಪಾತ್ರೆ ತೊಳೆಯುವವರು, ಒಲೆ ಹಚ್ಚುವವರು ಯಾರೋ ಅವರನ್ನು ಕರೆದು ಓದಿ ಹೇಳುತ್ತೇನೆ. ತೊಟ್ಟಿಯ ಯಜಮಾನರಿಗೆ ಮಾತ್ರ ಹೇಳಿ ಬರುವುದಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಮುಂದಿನ ಮನೆಗೆ ಹೋಗುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಪಾಚಿಯ ಬಗ್ಗೆ ಕಡಿಮೆ. ತಿಳಿದವನು ತನ್ನ ತಿಳಿವಳಿಕೆಯನ್ನು ಮೊದಲು ತನಗಾಗಿ ಬಳಸಿಕೊಳ್ಳುತ್ತಾನೆ, ಇತರರಿಗೆ ಹೇಳುವುದು ಆಮೇಲೆ. ಆ ಎರಡರ ನಡುವಿನ ಹೊತ್ತಿನಲ್ಲಿ ಯಾರಾದರೂ ಒಬ್ಬರು ಒಲೆ ಹಚ್ಚಿಬಿಡಬಹುದು.

ಈ ಬರಹ ಶುರು ಮಾಡುವ ಮುಂಚೆ, ತೊಟ್ಟಿಯ ಹಳೆಯ ಚಿತ್ರಗಳಿದ್ದರೆ ಕಳಿಸಿ ಎಂದು ಇಕ್ಬಾಲ್ ಅವರನ್ನು ಕೇಳಿದ್ದೆ. ಇದ್ದಷ್ಟನ್ನೂ ಕಳಿಸಿದರು, ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಅದರಲ್ಲೊಂದು ಆ ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ತೆಗೆದದ್ದು. ಫೋನಿನಲ್ಲಿ ದಾಖಲಾದ ದಿನಾಂಕ, ಹೊತ್ತು ಎರಡನ್ನೂ ನನ್ನ ಕೆಲಸದ ಪುಸ್ತಕದ ಜೊತೆ ತಾಳೆ ನೋಡಿದೆ, ಸರಿ ಇವೆ. ಚಿತ್ರದಲ್ಲಿ ನಾನು ತೊಟ್ಟಿಯಿಂದ ಒಂದು ಕಲ್ಲನ್ನು ಎತ್ತುತ್ತಿದ್ದೇನೆ. ನನ್ನ ಎರಡೂ ಕೈಗೆ ಮೊಣಕೈವರೆಗೆ ನೀಲಿ ರಬ್ಬರ್ ಗ್ಲೌಸ್ ಇದೆ. ಪಕ್ಕದಲ್ಲಿ ಬೇಸನ್ ಹಿಡಿದು ನಿಂತ ಖತೀಜಮ್ಮನವರದು ಬರಿಗೈ.